ನಿಂತವರ ಬೆನ್ನು ನೋಡುತ್ತಿದ್ದವರು

ಹೋದ ವಾರ ಅವರ ಮಗಳು ಫೋನು ಮಾಡಿದ್ದಳು. "ಮಿಸ್, ಅಪ್ಪ ಹೋಗ್ಬಿಟ್ರು" ಅಂದಳು. ಹಿಂದೆ ನಾನು ಅರಸೀಕೆರೆಯಲ್ಲಿದ್ದಾಗ ಏಳನೇ ತರಗತಿಯಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟವಳು. ಸಮಾಧಾನ ಹೇಳಬೇಕಾದವಳು ನಾನೇ. ಆದರೆ ನನ್ನ ಬಾಯಿಗೆ ಬಂದದ್ದು, "ನಿಮ್ಮಪ್ಪ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?" ಎಂಬ ಮಾತು. ಸಾವಿನ ಮನೆಯವರನ್ನು ಕೇಳುವ ಪ್ರಶ್ನೆಯೇ ಅದು? ಅವಳು, "ಇಲ್ಲ ಮಿಸ್, ಏನೂ ಹೇಳಿರ್ಲಿಲ್ಲ. ಯಾಕೆ?" ಅಂದಳು. ಯಾಕೆ ಎಂದು ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಎಕ್ಸ್‌ರೇ ಸೆಂಟರಿನಲ್ಲಿ ಅವರು ಮೂವತ್ತು ವರ್ಷ ಕೆಲಸ ಮಾಡಿದರು. ನಮ್ಮ ಕಡೆ ಹಳ್ಳಿಯವರ ಬಾಯಲ್ಲಿ ಎಕ್ಸ್‌ರೇ ಎಂದರೆ ಫೋಟೋ. ಆದ್ದರಿಂದ ಅವರು ಎಲ್ಲರಿಗೂ 'ಫೋಟೋದೋರು'. ಕುಳ್ಳಗಿನ ಮನುಷ್ಯ, ದಪ್ಪ ಗಾಜಿನ ಕನ್ನಡಕ, ಅರ್ಧ ತೋಳಿನ ಬಿಳಿ ಅಂಗಿ. ಆ ಅಂಗಿಯ ಜೇಬಿನಲ್ಲಿ ಹೆಂಗಸರು ತೆಗೆದುಕೊಟ್ಟ ಸೇಫ್ಟಿ ಪಿನ್ನುಗಳು ಯಾವಾಗಲೂ ಇರುತ್ತಿದ್ದವು. ಕೊಟ್ಟವರು ಮರೆತು ಹೋದರೆ ರಸ್ತೆಯವರೆಗೆ ಹಿಂದೆಯೇ ಓಡಿಹೋಗಿ ಕೊಟ್ಟು ಬರುತ್ತಿದ್ದರು.

ಕೈ ಮುರಿದವರು, ಎದೆ ಕಟ್ಟಿದವರು ಬಂದರೆ ಅವರಿಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. ಐದು ನಿಮಿಷದಲ್ಲಿ ಮುಗಿಸಿ ಕಳಿಸುತ್ತಿದ್ದರು. ಸೊಂಟದ ಮೂಳೆ ಜಾರಿದವರು ಬಂದರೆ ಮಾತ್ರ ಕನ್ನಡಕ ಒರೆಸಿಕೊಂಡು ಎದ್ದು ನಿಲ್ಲುವರು. ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕೂತಿರುತ್ತವಲ್ಲ, ಕೆಲವರಲ್ಲಿ ಕೆಳಗಿನ ಮೂಳೆ ತನ್ನ ಜಾಗ ಬಿಟ್ಟು ಮುಂದಕ್ಕೆ ಜರುಗುತ್ತದೆ. ತೆಂಗಿನಕಾಯಿ ಸುಲಿಯುವವರು, ಮೂಟೆ ಹೊರುವವರು, ಹುಲ್ಲಿನ ಹೊರೆ ಎತ್ತುವ ಹೆಂಗಸರು, ಹೀಗೆ ಅಂಥವರು ಅವರ ಹತ್ತಿರ ಬರುತ್ತಲೇ ಇದ್ದರು. ಬೇರೆ ಕಡೆ ಅವರನ್ನು ಮಂಚದ ಮೇಲೆ ಮಲಗಿಸಿ ಫೋಟೋ ಹೊಡೆದು ಕಳಿಸಿದರೆ ಇವರು ನಿಲ್ಲಿಸಿಯೇ ತೆಗೆಯಬೇಕು. ಅದೂ ಪಕ್ಕದಿಂದ, ಬೆನ್ನಿನ ಜೊತೆಗೆ ಎರಡೂ ತೊಡೆಯ ಕೀಲು ಕಾಣುವ ಹಾಗೆ.

"ಮಲಗಿದೋರ ಬೆನ್ನು ಸುಳ್ಳು ಹೇಳ್ತದೆ, ನಿಂತೋರ ಬೆನ್ನು ನಿಜ ಹೇಳ್ತದೆ" ಎನ್ನುವುದು ಅವರ ಮಾತು. ಇನ್ನೊಂದು ಮಾತೂ ಇತ್ತು: "ಎಲ್ರೂ ಜಾರಿದ ಮೂಳೆ ನೋಡ್ತಾರೆ, ಅದು ಕೂತಿರೋ ಪೀಠ ಯಾರೂ ನೋಡಲ್ಲ. ಸೊಂಟ ಹಿಂದಕ್ಕೆ ವಾಲೈತಾ, ಮುಂದಕ್ಕೆ ವಾಲೈತಾ, ಅದ್ ನೋಡ್ದೆ ಬೆನ್ನಿಗೆ ಕೈ ಹಾಕ್ಬಾರ್ದು." ಡಾಕ್ಟರು ಹೇಳಬೇಕಾದ ಮಾತನ್ನು ಎಕ್ಸ್‌ರೇ ತೆಗೆಯುವವರು ಹೇಳಿದರೆ ಕೆಲವರಿಗೆ ನಗು ಬರುತ್ತಿತ್ತು. ಡಾಕ್ಟರುಗಳಿಗೆ ಬರುತ್ತಿರಲಿಲ್ಲ. ಹಾಸನದಿಂದ ಪ್ರತಿ ಗುರುವಾರ ಅರಸೀಕೆರೆಗೆ ಬರುತ್ತಿದ್ದ ಮೂಳೆ ಡಾಕ್ಟರಂತೂ ಬೇರೆಯವರು ತೆಗೆದ ಸೊಂಟದ ಫಿಲಂ ಮುಟ್ಟುತ್ತಲೇ ಇರಲಿಲ್ಲ.

ನಿಲ್ಲಿಸುವುದೇನು ಸುಲಭವೇ? ಫೋಟೋ ಎಂದ ತಕ್ಷಣ ಜನ ಸೆಟೆದು ನಿಲ್ಲುತ್ತಾರೆ. ಅವರು ಕಂಡುಕೊಂಡಿದ್ದ ಉಪಾಯ ಒಂದಿತ್ತು. ಬೆರಳು ಕುತ್ತಿಗೆಯ ಕೆಳಗಿನ ಮೂಳೆಯ ಮೇಲೆ ಇಟ್ಟುಕೊಳ್ಳಲು ಹೇಳಿ, ಮೊದಲು ತಾವೇ ಹಾಗೆ ನಿಂತು ತೋರಿಸಿ, ಆಮೇಲೆ ಗಾಜಿನ ಆಚೆ ಹೋಗಿ ಏನಾದರೂ ಕೇಳುತ್ತಿದ್ದರು. "ಈ ಸಲ ಹೊಲಕ್ಕೆ ಏನ್ ಹಾಕಿದ್ರಿ ಯಜಮಾನ್ರೆ?" ಯಜಮಾನರು ರಾಗಿಯ ಕತೆ ಹೇಳುವರು. ಕತೆ ಮುಗಿದು ಉಸಿರು ಬಿಟ್ಟ ಗಳಿಗೆಗೆ ಇವರು ಗುಂಡಿ ಒತ್ತುವರು. ಮಾತಾಡುವಷ್ಟು ಹೊತ್ತು ಮನುಷ್ಯ ಅಲ್ಲಾಡುತ್ತಾನೆ, ಮುಗಿದ ಮೇಲೆ ತನ್ನ ಸ್ವಂತ ಬೆನ್ನಿಗೆ ವಾಪಸ್ ಬರುತ್ತಾನೆ ಎಂದು ಅವರ ನಂಬಿಕೆ.

ಗುಂಡಿ ಒತ್ತುವ ಮೊದಲು ಮತ್ತೊಂದು ಕೆಲಸ. ಹೆಂಗಸರಾದರೆ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಸೀರೆಯ ಅಂಚು ನೋಡುತ್ತಿದ್ದರು. ನೋವಿರುವವರು ಗೊತ್ತಿಲ್ಲದೆಯೇ ಮಂಡಿ ಬಗ್ಗಿಸಿ ನಿಲ್ಲುತ್ತಾರೆ, ಸೀರೆಯೊಳಗೆ ಅದು ಕಾಣುವುದಿಲ್ಲ. ಆದರೆ ಮಂಡಿ ಬಗ್ಗಿದರೆ ನೆರಿಗೆ ನೆಲಕ್ಕೆ ಮುದುಡಿ ಬೀಳುತ್ತದೆ. "ಅವ್ವಾ, ನೆರಿಗೆ ನೆಲ ಗುಡಿಸ್ತೈತೆ, ಮಂಡಿ ನೆಟ್ಟಗೆ" ಎಂದು ಗದರಿಸುವರು. ಒಮ್ಮೆ ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರು ಫೋಟೋಗೆ ಅಡ್ಡ ಬರುವ ಬೆಳ್ಳಿಯ ಉಡಿದಾರ ಬಿಚ್ಚಲು ಒಪ್ಪಲಿಲ್ಲ. "ಉಡಿದಾರ ಬಿಚ್ಚೋದು ಹೆಣ ಆದ್ಮ್ಯಾಲೆ ಕಣಯ್ಯ" ಎಂದು ಜಗಳಕ್ಕೇ ನಿಂತರು. ಇವರು, "ಬಿಚ್ಚೋದು ಬ್ಯಾಡಿ ಗೌಡ್ರೆ, ಸಡಿಲಾಗೇ ಐತೆ, ತೊಡೆ ಗಂಟ ಇಳಿಸ್ಕಳಿ. ನಿಮ್ ಆಯಸ್ಸೂ ಉಳೀಲಿ, ನಮ್ ಫೋಟೋನೂ ಉಳೀಲಿ" ಅಂದರಂತೆ. ಇದನ್ನು ಅವರ ಮಗಳೇ ನನಗೆ ಶಾಲೆಯಲ್ಲಿ ಹೇಳಿ ನಗಿಸಿದ್ದಳು.

ನನ್ನ ಸರದಿ ಬಂದದ್ದು ನಾಲ್ಕು ವರ್ಷದ ಹಿಂದೆ. ಆಗ ನನಗೆ ಹಳೇಬೀಡಿಗೆ ವರ್ಗವಾಗಿ ಅಲ್ಲೇ ಮನೆ ಮಾಡಿದ್ದೆವು. ನಮ್ಮ ಮನೆಯವರು ಹಗರೆಯ ಕಡೆ ಒಂದು ಡೈರಿಯಲ್ಲಿ ಸೆಕ್ರೆಟರಿ. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ಹೋಗುವಷ್ಟರಲ್ಲಿ ನಾನು ಎರಡು ಕಡೆ ಅಂಗಡಿ ಮೆಟ್ಟಿಲ ಮೇಲೆ ಕೂರಬೇಕಾಗುತ್ತಿತ್ತು. ಎಡಗಾಲಿನುದ್ದಕ್ಕೂ ಮೆಣಸಿನಪುಡಿ ಸವರಿದ ಹಾಗೆ ಉರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಚಪ್ಪಲಿಯನ್ನು ಬೈದೆ, ಬಸ್ಸಿನ ಸೀಟು ಬೈದೆ, ಶಾಲೆಯ ಕುರ್ಚಿ ಬದಲಾಯಿಸಿದೆ. ಕೊನೆಗೆ ಆ ಗುರುವಾರದ ಡಾಕ್ಟರ ಹತ್ತಿರ ಹೋದಾಗ ಅವರು ಬೆನ್ನು ಒತ್ತಿ ನೋಡಿ, "ಮೂಳೆ ಜಾರಿದೆ ಅನ್ಸುತ್ತೆ. ಸ್ಟೇಷನ್ ಹತ್ರ ಹೋಗಿ ನಿಂತ್ಕೊಂಡು ತೆಗೆಸ್ಕೊಂಡು ಬನ್ನಿ, ಅವರ ಹತ್ರಾನೇ" ಅಂದರು.

ಒಳಗೆ ಹೋದೆ. ಅವರು ನನ್ನನ್ನು ನೋಡಿದವರೇ ಎದ್ದು ಕೈ ಮುಗಿದರು. "ಮೇಡಮ್ಮೋರು! ನಮ್ ಹುಡ್ಗಿ ಲೆಕ್ಕ ಕಲ್ತಿದ್ದೇ ನಿಮ್ಮಿಂದ" ಅಂದರು. ಆಮೇಲೆ ಅವರು ಬೇರೆಯೇ ಮನುಷ್ಯರಾದರು. ಬೇರೆ ಯಾರಿಗಾದರೂ ಭುಜ ಹಿಡಿದು ತಿರುಗಿಸುತ್ತಿದ್ದವರು ನನಗೆ ಎರಡು ಮಾರು ದೂರ ನಿಂತು, "ಹಿಂಗೆ ನಿಂತ್ಕಬೇಕು ಮೇಡಂ" ಎಂದು ತೋರಿಸಿದರು. ನೆಲಕ್ಕೆ ಕೂರಲಿಲ್ಲ. ಸೀರೆಯ ಅಂಚಿನ ಕಡೆ ಕಣ್ಣು ಹಾಕಲಿಲ್ಲ. ಮಗಳ ಮೇಡಂ ಕಾಲ ಬಳಿ ಕೂತು ನೋಡುವುದು ಹೇಗೆ? ನಾನು ಸೆರಗು ಎರಡೂ ಭುಜಕ್ಕೆ ಹೊದ್ದು, ಗಂಡಸರೆದುರು ನಿಲ್ಲುವ ಸಂಕೋಚದಲ್ಲಿ ಸೊಂಟ ಒಳಕ್ಕೆ ಎಳೆದುಕೊಂಡು, ಉರಿ ತಾಳಲಾರದೆ ಮಂಡಿ ಬಗ್ಗಿಸಿ ನಿಂತಿದ್ದೆ. ಬಗ್ಗಿಸಿದ್ದು ನನಗೆ ಗೊತ್ತಿತ್ತು.

ಗಾಜಿನ ಆಚೆಯಿಂದ ಅವರು ಹಿಂಜರಿಯುತ್ತಾ ಕೇಳಿದರು, "ಮೇಡಂ, ಮಂಡಿ ನೆಟ್ಟಗೈತಾ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನೋವಿದ್ದರಂತೂ ಕೇಳಲೇಬೇಡಿ. "ಇಪ್ಪತ್ತು ವರ್ಷದಿಂದ ಮಕ್ಕಳಿಗೆ ನಿಲ್ಲೋದು ಹೇಳ್ಕೊಡ್ತಿದೀನಿ. ನೀವು ನನಗೆ ಹೇಳ್ಕೊಡ್ತೀರಾ? ಬೇಗ ತೆಗೀರಿ" ಅಂದೆ.

ಅವರು ಹೊಲದ ವಿಚಾರವನ್ನೂ ಕೇಳಲಿಲ್ಲ, ಅಡುಗೆಯ ವಿಚಾರವನ್ನೂ ಕೇಳಲಿಲ್ಲ. ಗುಂಡಿ ಒತ್ತಿದ ಸದ್ದು ಕೇಳಿಸಿತು.

ಆ ಫಿಲಂ ಇಟ್ಟುಕೊಂಡು ಡಾಕ್ಟರು ನನ್ನನ್ನೂ ನಮ್ಮ ಮನೆಯವರನ್ನೂ ಕೂರಿಸಿ ಹೇಳಿದರು. "ಮೂಳೆ ಜಾಸ್ತಿನೇ ಜಾರಿದೆ. ಅದರ ಜೊತೆಗೆ ಸೊಂಟ ಹಿಂದಕ್ಕೆ ತಿರುಗಿಬಿಟ್ಟಿದೆ. ಇದ್ದಲ್ಲೇ ಸ್ಕ್ರೂ ಹಾಕಿ ಬಿಗಿದರೆ ಸಾಲದು. ಜಾರಿದ್ದನ್ನ ಹಿಂದಕ್ಕೆ ಎಳೆದು ಕೂರಿಸಿ ಬಿಗಿಯಬೇಕು. ಎಳೆಯುವಾಗ ಪಾದಕ್ಕೆ ಹೋಗೋ ನರ ಜಗ್ಗಬಹುದು. ಕೆಲವರಿಗೆ ಪಾದ ಮೇಲಕ್ಕೆತ್ತೋಕೆ ಆಗಲ್ಲ. ಸುಮಾರು ಜನಕ್ಕೆ ಸರಿಹೋಗುತ್ತೆ. ಎಲ್ಲರಿಗೂ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ." ಹಾಸನದಲ್ಲಿ ಸೋಮವಾರಕ್ಕೆ ಆಪರೇಷನ್ ಗೊತ್ತಾಯಿತು. ನಾನು ಮನೆಗೆ ಬಂದು ಮಂಚದ ಮೇಲೆ ಕೂತು ಎಡ ಪಾದವನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ನೋಡುತ್ತಿದ್ದೆ. ಕಾಲೆಳೆದುಕೊಂಡು ಬೋರ್ಡಿನ ಮುಂದೆ ಓಡಾಡುವ ಮೇಡಮ್ಮನ್ನು ಮಕ್ಕಳು ಹಿಂದಿನಿಂದ ಅಣಕಿಸುವುದು ಕಣ್ಣಿಗೆ ಕಟ್ಟುತ್ತಿತ್ತು.

ಶನಿವಾರ ಬೆಳಿಗ್ಗೆ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಬಾಣಾವರ, ಜಾವಗಲ್ಲು ಎಂದು ಎರಡು ಬಸ್ಸು ಬದಲಾಯಿಸಿ, ವಿಳಾಸ ಕೇಳಿಕೊಂಡು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಮೇಡಂ, ಸೋಮವಾರ ಆಪರೇಷನ್ ಅಂತ ನಿನ್ನೆ ಡಾಕ್ಟ್ರ ಕಾಂಪೌಂಡರು ಹೇಳಿದ್ರು. ಮೂಳೆ ಎಳೀತಾರಂತೆ. ಹೋಗಿ ಕಂಪ್ಯೂಟರಲ್ಲಿ ನಿಮ್ ಫೋಟೋ ಮತ್ತೆ ತೆಗ್ದು ನೋಡಿದೆ. ತೊಡೆ ಮೂಳೆ ಓರೆ ಐತೆ. ಮಂಡಿ ಬಗ್ಗಿತ್ತು. ಮಂಡಿ ಬಗ್ಗಿದ್ರೆ ಸೊಂಟ ಹಿಂದಕ್ಕೆ ತಿರುಗ್ತದೆ. ಅದು ನಿಮ್ ನಿಜವಾದ ಸೊಂಟ ಅಲ್ಲ. ಆ ಫೋಟೋ ತಪ್ಪು. ಅದನ್ನ ನಂಬ್ಕಂಡು ಬೆನ್ನಿಗೆ ಕೈ ಹಾಕ್ಬಾರ್ದು. ಈವತ್ತೇ ಇನ್ನೊಂದು ತೆಗೀಬೇಕು."

ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟರು. "ಏನ್ರೀ ಹೇಳ್ತಿದೀರಾ? ನಾಳಿದ್ದು ಕುಯ್ಯೋದಕ್ಕೆ ಎಲ್ಲಾ ಗೊತ್ತಾಗಿದೆ. ಇವತ್ತು ಬಂದು ತಪ್ಪು ಅಂತೀರಲ್ಲ?"

"ಹೌದು ಸಾರ್."

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋರಿಗೆ ಮಂಡಿ ಬಗ್ಗಿದ್ದು ಕಾಣಲಿಲ್ವಾ? ಇವಳ ಕಾಲು ಹೋಗಿದ್ರೆ ಯಾರ್ರೀ ಹೊಣೆ?"

"ನಂದೇ ತಪ್ಪು ಸಾರ್. ನಾನು ನೋಡ್ಬೇಕಿತ್ತು. ಅವತ್ತೇ ಅನುಮಾನ ಬಂತು, ಸುಮ್ನಾಗ್ಬಿಟ್ಟೆ."

ನಮ್ಮ ಮನೆಯವರ ದನಿ ಏರುತ್ತಲೇ ಹೋಯಿತು. ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬಂದು ನಿಂತರು. ಫೋಟೋದೋರು ತಲೆ ತಗ್ಗಿಸಿ, ಒಂದೊಂದು ಸಲ ನನ್ನ ಕಡೆ ನೋಡುತ್ತಾ ನಿಂತಿದ್ದರು. ನಾನು ಮಂಚದ ಮೇಲೆ ಕೂತೇ ಇದ್ದೆ. 'ಅವರು ಕೇಳಿದ್ರು, ನಾನೇ ಗದರಿಸಿದೆ' ಎಂಬ ನಾಲ್ಕು ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಆಡಲಿಲ್ಲ. ಗಂಡನ ಎದುರು, ಪಕ್ಕದ ಮನೆಯವರ ಎದುರು, ನನ್ನ ಕಾಲಿಗೆ ನಾನೇ ಕುತ್ತು ತಂದುಕೊಂಡೆ ಎಂದು ಒಪ್ಪಿಕೊಳ್ಳಲು ಈ ಮೇಡಮ್ಮನಿಗೆ ನಾಚಿಕೆ ಅಡ್ಡ ಬಂತು. ಅವರೂ ಆ ಮಾತು ಎತ್ತಲಿಲ್ಲ.

ಕಾರು ಮಾಡಿಕೊಂಡು ಅರಸೀಕೆರೆಗೆ ಹೊರಟೆವು. ಅವರು ಮುಂದೆ ಡ್ರೈವರ್ ಪಕ್ಕ ಕೂತರು. ಹಳ್ಳ ಬಂದಾಗಲೆಲ್ಲ ಅವರು ಡ್ರೈವರಿಗೆ, "ನಿಧಾನ, ನಿಧಾನಕ್ಕೆ" ಎನ್ನುತ್ತಿದ್ದದ್ದು ಬಿಟ್ಟರೆ ಕಾರಿನಲ್ಲಿ ಬೇರೆ ಸದ್ದಿರಲಿಲ್ಲ. ಎರಡನೆಯ ಫೋಟೋದಲ್ಲೂ ಸೊಂಟ ಹಾಗೇ ಕಂಡರೆ?

ಸೆಂಟರಿನಲ್ಲಿ ನಮ್ಮ ಮನೆಯವರು ಹೊರಗೇ ಉಳಿದರು. ಅವರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, "ಮೇಡಂ, ಈವತ್ತು ನಾನು ಬೈತೀನಿ. ಸೈರಿಸ್ಕಬೇಕು" ಅಂದರು.

"ಬೈರಿ" ಅಂದೆ.

ನೆಲಕ್ಕೆ ಕೂತೇಬಿಟ್ಟರು. "ನೆರಿಗೆ ನೆಲದ ಮ್ಯಾಲೈತೆ. ಮಂಡಿ!" ನೆಟ್ಟಗೆ ಮಾಡಿದೆ. ಕಾಲಿನುದ್ದಕ್ಕೂ ಬೆಂಕಿ ಹರಿಯಿತು. "ಇನ್ನೂ ಐತೆ. ಇನ್ನೂ! ಸೆರಗು ಬಿಡಿ, ಸೊಂಟ ಯಾಕೆ ಬಿಗಿ ಹಿಡೀತೀರಿ? ಇಲ್ಯಾರೂ ನಿಮ್ಮನ್ನ ನೋಡ್ತಿಲ್ಲ, ನಿಮ್ ಮೂಳೆ ನೋಡ್ತಿರೋದು!" ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೆರಿಗೆ ನೆಲ ಬಿಟ್ಟ ಮೇಲೆ ಅವರು ಎದ್ದು ಗಾಜಿನ ಆಚೆ ಹೋದರು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಆಗ ಕೇಳಿದರು:

"ನಮ್ ಹುಡ್ಗೀನ ಏಳನೇ ಕ್ಲಾಸಲ್ಲಿ ಒಂದಿನ ಪೂರ್ತಿ ಹೊರಗೆ ನಿಲ್ಸಿದ್ರಂತಲ್ಲ ಮೇಡಂ, ಲೆಕ್ಕ ತಪ್ಪಾಗಿದ್ದಕ್ಕೆ?"

"ತಪ್ಪಾಗಿದ್ದಕ್ಕಲ್ಲ. ಪಕ್ಕದ ಹುಡುಗಿ ಲೆಕ್ಕ ನೋಡ್ಕೊಂಡು ಬರೆದಿದ್ಲು. ಕೇಳಿದಾಗ ಆ ಹುಡುಗಿನೇ ನನ್ನದು ನೋಡಿ ಬರೆದಿದ್ದು ಅಂದ್ಲು. ಪಾಪ, ಆ ಪಕ್ಕದ ಮಗು ಬಾಯಿ ಬಿಡದೆ ಅಳ್ತಾ ನಿಂತಿತ್ತು. ತನ್ನ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟಿದ್ದಕ್ಕೆ ನಿಲ್ಲಿಸಿ..."

ಮಾತು ಅಲ್ಲಿಗೇ ನಿಂತಿತು. ಉಸಿರು ಹೊರಗೆ ಹೋಯಿತು. ಗುಂಡಿ ಒತ್ತಿದ ಸದ್ದಾಯಿತು.

ಅವರು ನನ್ನನ್ನು ಚುಚ್ಚಬೇಕೆಂದೇ ಅದನ್ನು ಕೇಳಿದರೋ, ಎಲ್ಲರನ್ನೂ ಕೇಳುವ ಹಾಗೆ ಬಾಯಿಗೆ ಬಂದದ್ದನ್ನು ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ನೋಡಿ, ಗೆರೆ ಎಳೆದು ಅಳೆದು, ಮತ್ತೆ ಅಳೆದು, "ಸೊಂಟ ತನ್ನ ಜಾಗದಾಗೈತೆ ಮೇಡಂ, ತಿರುಗಿಲ್ಲ. ಡಾಕ್ಟ್ರು ಹೇಳ್ಲಿ, ಆದ್ರೆ ನಂಗೆ ಧೈರ್ಯ ಬಂತು" ಅಂದರು. ಹೊರಗೆ ಬಂದರೆ ನಮ್ಮ ಮನೆಯವರು ಸೆಂಟರಿನ ಯಜಮಾನರ ಮೇಲೆ ಕೂಗಾಡುತ್ತಿದ್ದರು. ಕಾದು ಕೂತಿದ್ದ ಜನರೆಲ್ಲ ಕೇಳುತ್ತಿದ್ದರು. "ತಪ್ಪು ಫಿಲಂ ಕೊಟ್ಟೆ ಅಂತ ಇವರೇ ಒಪ್ಕೊಂಡಿದಾರೆ, ಕೇಳಿ ಬೇಕಾದ್ರೆ!" ಯಜಮಾನರು ಫೋಟೋದೋರ ಮುಖ ನೋಡಿದರು. ಅವರು "ಹೌದು" ಎಂದು ತಲೆ ಆಡಿಸಿ, ಫಿಲಂ ಕವರನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. ನಾನು ತೆಗೆದುಕೊಂಡು ಕಾರಿನಲ್ಲಿ ಕೂತೆ.

ಹಾಸನದಲ್ಲಿ ಡಾಕ್ಟರು ಎರಡು ಫಿಲಂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಎಳೆಯುವುದು ಬೇಡ, ಇದ್ದ ಜಾಗದಲ್ಲೇ ಬಿಗಿಯೋಣ ಎಂದರು. ಎರಡು ದಿನ ತಡವಾಗಿ ಆಪರೇಷನ್ ಆಯಿತು. ಎಚ್ಚರವಾದ ಕೂಡಲೇ ನರ್ಸು ಪಾದ ಎತ್ತಿಸಿದಳು. ಎದ್ದಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮೂರು ವಾರ ಕಳೆದಿರಬೇಕು. ನಮ್ಮ ಮನೆಯವರು ಡೈರಿಯಿಂದ ಬಂದು, "ಆ ಫೋಟೋದೋರನ್ನ ಸೆಂಟರಿಂದ ತೆಗೆದ್ರಂತೆ. ಒಳ್ಳೇದಾಯ್ತು, ಇನ್ನೊಬ್ಬರಿಗೆ ಹಿಂಗಾಗಬಾರದು" ಅಂದರು. ಗಂಜಿ ಕುಡಿಯುತ್ತಿದ್ದೆ. ಗಂಜಿ ಕುಡಿಯುವುದನ್ನು ಮುಂದುವರಿಸಿದೆ. ಎದ್ದು ಓಡಾಡುವಂತಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಓಡಾಡುವಂತಾಯಿತು. ಶಾಲೆಗೆ ಹೋಗುವಂತಾಯಿತು. ಒಂದೊಂದು ತಿಂಗಳಿಗೂ ಆ ಮಾತು ಇನ್ನಷ್ಟು ಭಾರವಾಗುತ್ತಾ ಬಂತು.

ಏಳನೆಯ ತಿಂಗಳು ಒಬ್ಬಳೇ ಅರಸೀಕೆರೆಗೆ ಹೋದೆ. ಅವರು ಈಗ ಬೆಳಗಿನ ರೈಲಿಗೆ ತಿಪಟೂರಿಗೆ ಹೋಗಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಾರೆಂದು ವಿಚಾರಿಸಿ ತಿಳಿದುಕೊಂಡಿದ್ದೆ. ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಊಟದ ಚೀಲ ಇಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದರು. ನಾನು ಬಾಯಿ ತೆರೆಯುವ ಮೊದಲೇ, "ನಡೀರಿ ಮೇಡಂ. ಆ ಟೀ ಅಂಗಡಿ ಗಂಟ ಹೋಗಿ ಬನ್ನಿ" ಅಂದರು.

ಹೋಗಿ ಬಂದೆ.

"ಈಗ ಹಿಮ್ಮಡಿ ಮ್ಯಾಲೆ. ಬೆರಳು ನೆಲ ಮುಟ್ಬಾರ್ದು."

ಪ್ಲಾಟ್‌ಫಾರಂ ತುಂಬ ಜನ. ನಲವತ್ತು ದಾಟಿದ ಮೇಡಮ್ಮು ಹಿಮ್ಮಡಿಯ ಮೇಲೆ ಬಾತುಕೋಳಿಯ ಹಾಗೆ ಟೀ ಅಂಗಡಿಗೆ ಹೋಗಿ ಬಂದಳು. ಯಾರೋ ನಕ್ಕರು. ಅವರು ನಗಲಿಲ್ಲ. ನನ್ನ ಎಡ ಪಾದದಿಂದ ಕಣ್ಣು ಕೀಳದೆ ನೋಡಿ, "ಸಾಕು, ಸಾಕು" ಎಂದು ಕೂತುಬಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

ಆಗ ಹೇಳಿದೆ. "ಅವತ್ತು ನೀವು ಕೇಳಿದ್ರಿ. ನಾನು ಗದರಿಸಿದೆ. ನಮ್ಮ ಮನೆಯವರಿಗೆ ಆ ವಿಷಯ ನಾನು ಹೇಳಲೇ ಇಲ್ಲ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ."

"ಗೊತ್ತೈತಲ್ಲ ಮೇಡಂ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತು ಸಾರು ಕೂಗಾಡುವಾಗ ನಿಮ್ ಬಾಗ್ಲಲ್ಲಿ ನಿಂತಿದ್ನಲ್ಲ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾಯ್ತಿದ್ದೆ."

ನಾನು ಕ್ಷಮಿಸಿ ಎನ್ನಲು ಹೋದೆ. ರೈಲು ಬಂತು. ಅವರು ಊಟದ ಚೀಲ ಹೆಗಲಿಗೆ ಹಾಕಿಕೊಂಡರು. "ನಂಗ್ ಹೇಳಿ ಏನ್ ಬಂತು ಮೇಡಂ, ನಂಗ್ ಗೊತ್ತಿರೋದೇ. ಮನೇಲಿ ಹೇಳಿ" ಎಂದು ಹತ್ತಿ ಹೋದರು.

ಆ ಸಂಜೆ ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಅರಸೀಕೆರೆಗೆ ಹೋಗಿ ಸೆಂಟರಿನ ಯಜಮಾನರ ಮುಂದೆ ಎಲ್ಲವನ್ನೂ ಹೇಳಿ ಬಂದರು. ಯಜಮಾನರು ಫೋಟೋದೋರ ಮನೆಗೇ ಹೋಗಿ ಕೆಲಸಕ್ಕೆ ವಾಪಸ್ ಕರೆದರಂತೆ. ಅವರು ಯಜಮಾನರಿಗೆ ಕಾಫಿ ಕೊಟ್ಟು ಕಳಿಸಿದರಂತೆ, ಹೋಗಲಿಲ್ಲ. ಕೈಲಾಗುವವರೆಗೂ ದಿನಾ ಬೆಳಿಗ್ಗೆ ತಿಪಟೂರಿನ ರೈಲನ್ನೇ ಹತ್ತಿದರು. ಆಮೇಲೆ ಅವರು ಯಾರನ್ನೂ ನಿಲ್ಲಿಸಿ ಫೋಟೋ ತೆಗೆಯಲಿಲ್ಲ.